ರಾತ್ರಿ ಎಲ್ಲಿ ಮಲಗತೈತಿ?

ನನ್ನ ಕೆಲಸದಲ್ಲಿ ಒಬ್ಬರ ಜವಾಬ್ದಾರಿ ಇನ್ನೊಬ್ಬರಿಗೆ ಹೋಗುವಾಗ ಒಂದು ಡಾಕ್ಯುಮೆಂಟ್ ತಯಾರಾಗುತ್ತದೆ. ಏನು ಮಾಡಬೇಕು, ಏನು ಮಾಡಬಾರದು, ಕೆಟ್ಟರೆ ಯಾರನ್ನು ಕರೆಯಬೇಕು. ಕಳೆದ ದೀಪಾವಳಿಗೆ ಪುಣೆಯಿಂದ ಊರಿಗೆ ಹೊರಟಾಗ ಅಂಥವೇ ಎರಡು ಪುಟ ನನ್ನ ಚೀಲದಲ್ಲಿದ್ದವು. ಒಪ್ಪಿಸಬೇಕಾಗಿದ್ದದ್ದು ಒಂದು ಮೊಲವನ್ನು. ಒಪ್ಪಿಸಿಕೊಳ್ಳಬೇಕಾದವನು ನನ್ನ ಅಪ್ಪ.

ಮೊಲ ಬಂದದ್ದು ಮಗಳ ಹಟಕ್ಕೆ. ಅಚ್ಚ ಬಿಳಿ ಬಣ್ಣ ಎಂದು ಅವಳೇ ‘ಹತ್ತಿ’ ಅಂತ ಹೆಸರಿಟ್ಟಳು. ವಾಕಡ್‌ನ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಒಂದು ವರ್ಷ ಇತ್ತು. ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ಕಡಿಯಲಿಕ್ಕೆ ಏನಾದರೂ ಬೇಕೇ ಬೇಕು. ಒಂದು ರಿಲೀಸಿನ ರಾತ್ರಿ ಅದಕ್ಕೆ ಸಿಕ್ಕಿದ್ದು ರೌಟರಿನ ವೈರು. ಮೊಬೈಲಿನ ಹಾಟ್‌ಸ್ಪಾಟ್ ಹಿಡಿದುಕೊಂಡು ಕಾಲ್ ಮುಗಿಸಿದವನಿಗೆ ನಗು ಬರಲಿಲ್ಲ. ಬೇಸಿಗೆಯಲ್ಲಿ ಇನ್ನೊಂದು ಕಷ್ಟ. ಮೊಲ ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಕಾವನ್ನು ಬಹುಮಟ್ಟಿಗೆ ಆ ಉದ್ದನೆಯ ಕಿವಿಗಳಿಂದಲೇ ಹೊರಗೆ ಹಾಕಬೇಕು. ಮಧ್ಯಾಹ್ನದ ಬಾಲ್ಕನಿ ಕಾದ ಹಂಚಿನಂತಿರುತ್ತಿತ್ತು.

“ಅಜ್ಜನ ಹೊಲದಲ್ಲಿ ಅದಕ್ಕೆ ಓಡಾಡಲಿಕ್ಕೆ ಜಾಗ ಇರ್ತದೆ. ಅಲ್ಲಿ ಆರಾಮಾಗಿರ್ತದೆ” ಎಂದು ಮಗಳಿಗೆ ಹೇಳಿದೆ. ಅವಳು ಅತ್ತು, ಆಮೇಲೆ ಒಪ್ಪಿದಳು. ಹೀಗೆ ಸುಮಾರು 450 ಕಿಲೋಮೀಟರ್ ಹಿಂದಿನ ಸೀಟಿನ ಬುಟ್ಟಿಯಲ್ಲಿ ಕುಳಿತು, ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಹತ್ತಿ ಕಲಘಟಗಿ ಕಡೆಯ ನಮ್ಮ ಎರಡೆಕರೆಗೆ ಬಂತು.

ಅಪ್ಪ ಎರಡೂ ಪುಟಗಳನ್ನು ತಿರುವಿ ನೋಡಿದ. ಗಜ್ಜರಿ ಹೆಚ್ಚು ಕೊಡಬಾರದು, ಹುಲ್ಲೇ ಮುಖ್ಯ ಊಟ, ಕಿವಿ ಹಿಡಿದು ಎತ್ತಬಾರದು, ಎಲ್ಲ ಬರೆದಿದ್ದೆ. ಕಾಗದ ಮಡಚಿ ಕಿಸೆಯಲ್ಲಿ ಇಟ್ಟುಕೊಂಡು ಕೇಳಿದ: “ಎಲ್ಲಾ ಖರೆ. ಇದು ರಾತ್ರಿ ಎಲ್ಲಿ ಮಲಗತೈತಿ?”

ಅದೊಂದನ್ನು ನಾನು ಬರೆದಿರಲಿಲ್ಲ. “ಹೊಲದಾಗ ಬಿಟ್ಟರ ಆತಲ್ಲ ಅಪ್ಪಾ? ಮೊಲ ಅಲ್ಲೇನು?”

“ಹೊಲದ ಮೊಲ ಬ್ಯಾರೆ, ಇದು ಬ್ಯಾರೆ. ಹೊಲದ ಮೊಲದ ಮರಿ ಹುಟ್ಟತಲೇ ಕಣ್ಣ ಬಿಟ್ಟಿರತೈತಿ, ಮೈತುಂಬ ಕೂದಲ ಇರತೈತಿ. ನಾ ಕಂಡೇನಿ. ಇದನ್ನ ಬಿಟ್ಟಿ ಅಂದ್ರ ಒಂದ ರಾತ್ರಿ ಉಳಿಯೂದಿಲ್ಲ. ನಾಯಿ ಅದಾವು, ಮುಂಗುಸಿ ಐತಿ, ಕಾಡಬೆಕ್ಕ ಐತಿ.”

ನಾನು ವಾದಿಸಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ಕೊನೆಗೆ ಮೊಬೈಲು ತೆಗೆದು ನೋಡಿದರೆ ಅಪ್ಪ ಹೇಳಿದ್ದೇ ಸರಿ. ಸಾಕುಮೊಲದ ಮೂಲ ಯುರೋಪಿನ ಬಿಲವಾಸಿ ಮೊಲ. ಅದರ ಮರಿಗಳು ಕಣ್ಣು ಮುಚ್ಚಿಕೊಂಡು, ಬರಿಮೈಯಲ್ಲಿ ಹುಟ್ಟುತ್ತವೆ. ನಮ್ಮ ಹೊಲದ ಮೊಲ ಬಿಲ ತೋಡದೆ ಬಯಲಲ್ಲೇ ಹುಟ್ಟಿ ಬೆಳೆಯುತ್ತದೆ. ಒಂದಕ್ಕೆ 44 ವರ್ಣತಂತುಗಳು, ಇನ್ನೊಂದಕ್ಕೆ 48. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು. ಆ ಒಂದೇ ಹೆಸರನ್ನು ನಂಬಿ ಹತ್ತಿಯನ್ನು ಬಯಲಿಗೆ ಬಿಡಲು ಹೊರಟಿದ್ದೆ.

ಆ ರಾತ್ರಿ ಹತ್ತಿಯನ್ನು ದನದ ಕೊಟ್ಟಿಗೆಯ ಮೂಲೆಯಲ್ಲಿ, ಬುಟ್ಟಿಯ ಸಮೇತ ಇಟ್ಟೆವು. ಅದು ಏನನ್ನೂ ಮುಟ್ಟಲಿಲ್ಲ. ದಾರಿಯುದ್ದಕ್ಕೂ ತಿಂದಿರಲಿಲ್ಲ. ಮೊಲದ ಕರುಳು ನಡೆಯುತ್ತಲೇ ಇರಬೇಕು. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಜೀವಕ್ಕೇ ಅಪಾಯ. ಇದನ್ನೂ ನಾನೇ ಬರೆದಿದ್ದೆ. ‘ತಕ್ಷಣ ವೈದ್ಯರನ್ನು ಕರೆಯಿರಿ’ ಎಂದು ಅದರ ಮುಂದೆ ಪುಣೆಯ ನಂಬರು ಬರೆದಿದ್ದೆ! ಹಬ್ಬದ ರಾತ್ರಿ ಹನ್ನೊಂದಕ್ಕೆ ಆ ನಂಬರು ಎತ್ತುವವರಿರಲಿಲ್ಲ. ಹತ್ತಿರದ ದನದ ಡಾಕ್ಟರು ಊರಲ್ಲಿರಲಿಲ್ಲ.

ಅಪ್ಪ ಬ್ಯಾಟರಿ ಹಿಡಿದು ಬದುವಿಗೆ ಹೋಗಿ ಗರಿಕೆ ಕಿತ್ತು ತಂದ. ಒದ್ದೆ ಹುಲ್ಲನ್ನು ಪಂಚೆಯಲ್ಲಿ ಒರೆಸಿ, ಒಂದೊಂದೇ ಎಸಳು ಅದರ ಮೂಗಿನ ಮುಂದೆ ಹಿಡಿದ. ಅದು ಮುಖ ತಿರುಗಿಸಿತು. ಅಪ್ಪ ಕೈ ಹಿಂದೆ ತೆಗೆಯಲಿಲ್ಲ.

ಅಪ್ಪ ಕೂತ ಹೊರಸನ್ನು ಆಗ ನೋಡಿದೆ. ಅದರ ಮೇಲೆ ಹಾಸಿಗೆ, ತಲೆದಿಂಬು, ಕೌದಿ. ಪಕ್ಕದ ಗೂಡಿನಲ್ಲಿ ನೀರಿನ ತಂಬಿಗೆ, ಬಿಪಿ ಗುಳಿಗೆ.

“ಇಲ್ಲೇ ಮಲಗತೀ ಏನ ಅಪ್ಪಾ?”

“ನಿಮ್ಮವ್ವ ಹೋದ ಮ್ಯಾಲೆ ಒಳಗ ನಿದ್ದಿ ಬರೂದಿಲ್ಲ. ಇಲ್ಲಿ ಆಕಳಾರ ಉಸರ ಬಿಡೂದು ಕೇಳತೈತಿ.”

ಅವ್ವ ಹೋಗಿ ಎರಡು ವರ್ಷ. ವಾರವಾರ ಫೋನು ಮಾಡಿದ್ದೇನೆ. ಮಳೆ ಬಂತಾ, ಗುಳಿಗೆ ತೊಗೊಂಡಿಯಾ, ರೊಕ್ಕ ಬೇಕಾ ಎಂದು ಕೇಳಿದ್ದೇನೆ. ‘ಊರಲ್ಲಿ ಅಪ್ಪನಿಗೆ ಆರಾಮ, ಗಾಳಿ ಬೆಳಕು ಚಲೋ ಇದೆ’ ಎಂದು ಆಫೀಸಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ. ಮೊಲದ ಬಗ್ಗೆ ಮಗಳಿಗೆ ಹೇಳಿದ್ದೂ ಅದನ್ನೇ. ರಾತ್ರಿ ಎಲ್ಲಿ ಮಲಗುತ್ತೀ ಎಂದು ಒಮ್ಮೆಯೂ ಕೇಳಿರಲಿಲ್ಲ.

ನಸುಕಿನಲ್ಲಿ ಅಪ್ಪ ನನ್ನನ್ನು ಅಲುಗಾಡಿಸಿ ಎಬ್ಬಿಸಿದ. ಬುಟ್ಟಿಯಲ್ಲಿ ಕಡಲೆಕಾಳಿನಂಥ ಏಳೆಂಟು ಹಿಕ್ಕೆ. ಗರಿಕೆ ಅರ್ಧ ಖಾಲಿ. ಪ್ರಾಜೆಕ್ಟು ಎಷ್ಟು ಸಲ ಗೋ-ಲೈವ್ ಆದಾಗಲೂ ಅಷ್ಟು ಹಗುರ ಅನಿಸಿರಲಿಲ್ಲ.

ಉಳಿದ ಎರಡು ದಿನ ಅಪ್ಪನೂ ನಾನೂ ಮಗಳೂ ಸೇರಿ ಬೇವಿನ ನೆರಳಿನಲ್ಲಿ ಮನೆ ಕಟ್ಟಿದೆವು. ಹುಬ್ಬಳ್ಳಿಯಿಂದ ಅರ್ಧ ಇಂಚಿನ ಜಾಳಿ ತಂದೆ. ದೊಡ್ಡ ಕಣ್ಣಿನದಾದರೆ ಮುಂಗುಸಿ ನುಸುಳುತ್ತದೆ. ಜಾಳಿಯನ್ನು ಒಂದೂವರೆ ಅಡಿ ನೆಲದೊಳಗೂ ಇಳಿಸಿದೆವು. ಮೊಲ ಒಳಗಿನಿಂದ ತೋಡುತ್ತದೆ, ನಾಯಿ ಹೊರಗಿನಿಂದ. ತಂತಿಯ ಮೇಲೆ ಕೂತರೆ ಪಾದ ಹುಣ್ಣಾಗುತ್ತದೆಂದು ಮಲಗುವ ಕಡೆ ಹಲಗೆ ಹಾಕಿ ಒಣಹುಲ್ಲು ಹರಡಿದೆವು. ಬೇಸಿಗೆಗೆ ಹಸಿ ಗೋಣಿಚೀಲ ಇಳಿಬಿಡಲು ಮೊಳೆ ಹೊಡೆದದ್ದು ಅಪ್ಪನ ಯೋಚನೆ.

ಈಗ ಫೋನಿನಲ್ಲಿ ಮಾತು ಎರಡು ನಿಮಿಷಕ್ಕೆ ಮುಗಿಯುವುದಿಲ್ಲ. ಹತ್ತಿ ಮೊನ್ನೆ ಹಿಂಗಾಲಿನಿಂದ ನೆಲ ಬಡಿಯಿತಂತೆ. ಮೊಲ ಹಾಗೆ ಬಡಿದರೆ ಅಪಾಯದ ಸೂಚನೆ. ಅಪ್ಪ ಎದ್ದು ಹೋಗಿ ಕಾಡಬೆಕ್ಕನ್ನು ಓಡಿಸಿದನಂತೆ. ಕಳೆನಾಶಕ ಹೊಡೆದ ಹುಲ್ಲು ಅದಕ್ಕೆ ಆಗಬಾರದೆಂದು ಮೂಡಣ ಬದುವಿಗೆ ಔಷಧ ಹೊಡೆಯುವುದನ್ನು ಬಿಟ್ಟಿದ್ದಾನೆ. ಮಗಳು ಎಲ್ಲವನ್ನೂ ಕೇಳಿಸಿಕೊಂಡು ಹೊಸ ಹೊಸ ಪ್ರಶ್ನೆ ಹಾಕುತ್ತಾಳೆ.

ಇದರಿಂದ ಅಪ್ಪನ ಒಂಟಿತನ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮೊಲ ಎಂಟು-ಹತ್ತು ವರ್ಷ ಬದುಕಬಲ್ಲದು. ಅಪ್ಪನಿಗೆ ಈಗ ಎಪ್ಪತ್ಮೂರು. ನಾನು ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದೇನೆ. ಹೋದ ಸಲ ಹೊರಸಿನ ಪಕ್ಕ ಇನ್ನೊಂದು ಹೊರಸು ಹಾಕಿಕೊಂಡು ಕೊಟ್ಟಿಗೆಯಲ್ಲೇ ಮಲಗಿದೆ. ಹೌದು, ಆಕಳು ಉಸಿರು ಬಿಡುವುದು ಕೇಳುತ್ತದೆ.