ಎರಡು ಮೇಳ, ಒಂದು ತೀರ್ಪು

ಹಿರಿಯರಿಗೆ ವಯಸ್ಸಾದಂತೆ ಮನೆಯಲ್ಲಿ ಅವರ ಪಾಲಿಗೆ ಉಳಿಯುವ ಅಧಿಕಾರಗಳು ಕಡಿಮೆ. ಅವುಗಳಲ್ಲಿ ಮೊಮ್ಮಕ್ಕಳ ಜಗಳ ಬಿಡಿಸುವುದೂ ಒಂದು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಭಾನುವಾರದ ಪೂಜೆ, ಪ್ರಸಾದಗಳು ಮುಗಿದ ಮೇಲೆ ಎಲ್ಲರೂ ನಡುಮನೆಯಲ್ಲಿ ಕೂಡುವುದು ಹಿಂದಿನಿಂದ ಬಂದ ರೂಢಿ. ಅಂಥ ಒಂದು ಭಾನುವಾರ ಮಗನ ಮಗನಿಗೂ ಮಗಳ ಮಗಳಿಗೂ ವಾದ ಹತ್ತಿತು. ವಾದದ ವಿಷಯ ಆಸ್ತಿಯಲ್ಲ, ಓದಲ್ಲ. ಎರಡು ರಾಕ್ ಸಂಗೀತದ ತಂಡಗಳು. ಅವನಿಗೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಮೇಲು, ಅವಳಿಗೆ 'ಸ್ವರಾತ್ಮ' ಮೇಲು. ಕೊನೆಗೆ ಇಬ್ಬರೂ ನಮ್ಮತ್ತ ತಿರುಗಿ, "ತಾತ, ನೀವೇ ತೀರ್ಪು ಹೇಳಿ" ಎಂದರು.

ನಾವು ನಕ್ಕೆವು. ಆದರೆ ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ನಮ್ಮ ಮಗ ನಗಲಿಲ್ಲ. ತಲೆ ಎತ್ತಿ ನಮ್ಮನ್ನು ಒಮ್ಮೆ ನೋಡಿ ಮತ್ತೆ ಪತ್ರಿಕೆಗೆ ಮರಳಿದ. ಆ ನೋಟದ ಅರ್ಥ ನಮಗೆ ಗೊತ್ತಿತ್ತು.

1992ರಲ್ಲಿ ಅವನು ಪಿ.ಯು.ಸಿ. ಓದುತ್ತಿದ್ದ. ನೆರೆಮನೆಯ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣದಲ್ಲಿ ಒಂದು ಹಳೆಯ ಗಿಟಾರ್ ಕೊಂಡು ತಂದಿದ್ದ. "ಈ ಗದ್ದಲ ನಮ್ಮ ಮನೆಗೆ ಹೊಂದುವುದಿಲ್ಲ. ಕೇಳುವುದಾದರೆ ಮಲ್ಲಿಕಾರ್ಜುನ ಮನಸೂರರ ವಚನಗಾಯನ ಕೇಳು" ಎಂದು ನಾವು ಗದರಿದೆವು. ಅವನು ಕಾಲೇಜಿಗೆ ಹೋಗಿದ್ದ ಒಂದು ದಿನ ಅದನ್ನು ಹಳೇ ಪೇಪರ್ ಅಂಗಡಿಯವನಿಗೆ ಕೊಟ್ಟೂಬಿಟ್ಟೆವು. ಸಂಜೆ ಬಂದವನು ಗೋಡೆಯ ಮೂಲೆ ನೋಡಿದ, ಕೈಕಾಲು ತೊಳೆದು ಊಟಕ್ಕೆ ಕುಳಿತ. ಅಂದಿನಿಂದ ಇಂದಿನವರೆಗೆ ಆ ಮಾತು ಎತ್ತಿಲ್ಲ. ಇಂಜಿನಿಯರ್ ಆದ, ಕೆಂಗೇರಿ ಉಪನಗರದಲ್ಲಿ ಮನೆ ಮಾಡಿದ, ನಮ್ಮ ಮಾತಿಗೆ ಎಂದೂ ಎದುರಾಡಲಿಲ್ಲ. ಅದನ್ನು ನಾವು ವಿನಯವೆಂದೇ ತಿಳಿದಿದ್ದೆವು.

ಹೀಗಿರುವಾಗ ತೀರ್ಪು ಹೇಳಲು ನಮಗೇನು ಅರ್ಹತೆ? ಆದರೂ ಒಪ್ಪಿಕೊಂಡೆವು. ಕೇಳದೆಯೇ ತೀರ್ಪು ಕೊಟ್ಟ ತಪ್ಪನ್ನು ಎರಡನೆಯ ಬಾರಿ ಮಾಡಬಾರದೆಂದು ಒಂದು ತಿಂಗಳ ಗಡುವು ಕೇಳಿದೆವು. ಮೊಮ್ಮಕ್ಕಳು ನಮ್ಮ ಮೊಬೈಲಿಗೆ ಹಾಡುಗಳನ್ನು ತುಂಬಿಸಿಕೊಟ್ಟರು.

ಮೊದಲು ತಿಳಿದ ಸಂಗತಿಯೇ ನಮ್ಮನ್ನು ಬೆರಗುಗೊಳಿಸಿತು. ಎರಡು ತಂಡಗಳ ಮುಂದಾಳುಗಳಾದ ರಘು ದೀಕ್ಷಿತ್ ಹಾಗೂ ವಾಸು ದೀಕ್ಷಿತ್ ಒಡಹುಟ್ಟಿದ ಅಣ್ಣತಮ್ಮಂದಿರು! ಇಬ್ಬರೂ ಮೈಸೂರಿನಲ್ಲಿ ಬೆಳೆದವರು. ಅಣ್ಣನಾದ ರಘು ಹುಟ್ಟಿದ್ದು 1974ರಲ್ಲಿ. ನಮ್ಮ ಮಗನದೂ ಹೆಚ್ಚುಕಡಿಮೆ ಅದೇ ವಯಸ್ಸು. ಭರತನಾಟ್ಯವನ್ನು ಶ್ರದ್ಧೆಯಿಂದ ಕಲಿತವರು, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದವರು. ಕಾಲೇಜಿನ ದಿನಗಳಲ್ಲಿ ಸಹಪಾಠಿಯೊಬ್ಬ ಒಡ್ಡಿದ ಸವಾಲಿಗೆ ಉತ್ತರವಾಗಿ ಗಿಟಾರ್ ಹಿಡಿದರಂತೆ. ಇದನ್ನು ತಿಳಿದ ರಾತ್ರಿ ನಮಗೆ ಬೇಗ ನಿದ್ರೆ ಬರಲಿಲ್ಲ. ಒಂದೇ ಕಾಲ, ಒಂದೇ ವಯಸ್ಸಿನ ಇಬ್ಬರು ಹುಡುಗರು. ಒಬ್ಬನ ಕೈಗೆ ಗಿಟಾರ್ ಬಂದಿತು, ಇನ್ನೊಬ್ಬನ ಕೈಯಿಂದ ಹೋಯಿತು.

ರಘು ದೀಕ್ಷಿತರ ಮೊದಲ ಧ್ವನಿಸಂಪುಟ ಬಂದದ್ದು 2008ರಲ್ಲಿ. ಪ್ರೇಮದ ಹಾಡು, ಹಿಂದಿಯ ಹಾಡು, ಇಂಗ್ಲಿಷಿನ ಹಾಡುಗಳ ನಡುವೆ ಸಂತ ಶಿಶುನಾಳ ಶರೀಫರ ಎರಡು ಪದಗಳು ಅದರಲ್ಲಿವೆ. ಒಂದು ಗುಡಗುಡಿಯನ್ನು ಕುರಿತದ್ದು, ಇನ್ನೊಂದು ಮನೆಯ ಮಾಳಿಗೆ ಸೋರುವುದನ್ನು ಕುರಿತದ್ದು. 1819ರಿಂದ 1889ರವರೆಗೆ ಬಾಳಿದ ಶರೀಫರು, ಗುರು ಗೋವಿಂದ ಭಟ್ಟರ ಶಿಷ್ಯರಾಗಿ ಮತದ ಗೋಡೆಗಳನ್ನು ದಾಟಿದವರು. ಅವರ ಪದಗಳನ್ನು ನಾವು ಕೇಳಿದ್ದು ಸಿ. ಅಶ್ವತ್ಥರ ಕಂಠದಲ್ಲಿ, ನಾಗಾಭರಣರ 1990ರ ಚಲನಚಿತ್ರವಂತೂ ಆ ಪದಗಳನ್ನು ಮನೆಮನೆಗೆ ತಲುಪಿಸಿತು. ಅದೇ ಪದಗಳನ್ನು ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಮೀಟುತ್ತ ಈ ಗಾಯಕರು ದೂರದ ಇಂಗ್ಲೆಂಡಿನವರೆಗೂ ಒಯ್ದರು. 2010ರಲ್ಲಿ ಬಿ.ಬಿ.ಸಿ. ದೂರದರ್ಶನದ ಹೆಸರಾಂತ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿದರು. ಕನ್ನಡ ಬಾರದ ಜನ ಕನ್ನಡದ ಪದಕ್ಕೆ ಕುಣಿದರು.

ಮಾಳಿಗೆಯ ಪದವನ್ನು ನಾವು ಎಷ್ಟು ಸಲ ಕೇಳಿರಲಿಲ್ಲ! ಸೋರುವ ಮಾಳಿಗೆ ಎಂದರೆ ಅಜ್ಞಾನದಿಂದ ಸಡಿಲಗೊಂಡ ನಮ್ಮ ದೇಹ, ನಮ್ಮ ಮನಸ್ಸು ಎಂದು ಇತರರಿಗೆ ವಿವರಿಸಿಯೂ ಇದ್ದೆವು. ಆದರೆ ಅಂದು ಗಿಟಾರಿನ ತಂತಿಯೊಡನೆ ಕೇಳಿದಾಗ ವಿವರಣೆ ನಮ್ಮ ಕಡೆಗೇ ತಿರುಗಿತು. ಸೋರುತ್ತಿದ್ದುದು ನಮ್ಮ ಮಾಳಿಗೆಯೇ. ಮೂವತ್ತು ವರ್ಷ ಸೋರಿದ್ದರೂ ನಾವು ತಲೆ ಎತ್ತಿ ನೋಡಿರಲಿಲ್ಲ.

ಇಲ್ಲಿಗೆ ಮೊಮ್ಮಗನ ಪಕ್ಷ ಗೆದ್ದಂತೆಯೇ ಇತ್ತು. ಆದರೆ ಇನ್ನೊಂದು ಪಕ್ಷವನ್ನೂ ಕೇಳಬೇಕಷ್ಟೆ.

ತಮ್ಮನಾದ ವಾಸು ದೀಕ್ಷಿತರ 'ಸ್ವರಾತ್ಮ'ದ ರೀತಿ ಬೇರೆ. ಅಣ್ಣನ ತಂಡದಲ್ಲಿ ಗಾಯಕನೇ ಸೂರ್ಯ, ಉಳಿದವರು ಅವನ ಸುತ್ತಲಿನ ಗ್ರಹಗಳು. ತಂಡದ ಹೆಸರೇ ಅದನ್ನು ಹೇಳುತ್ತದೆ. ತಮ್ಮನ ತಂಡದಲ್ಲಿ ಪಿಟೀಲು, ತಾಳವಾದ್ಯ, ಡ್ರಮ್, ಗಿಟಾರುಗಳೆಲ್ಲ ಪಂಕ್ತಿಯಲ್ಲಿ ಸಮನಾಗಿ ಕುಳಿತು ಉಂಡಂತೆ ಕೇಳಿಸುತ್ತದೆ. ವೇದಿಕೆಯ ಮೇಲೆ ನಮ್ಮ ಜಾತ್ರೆಗಳ ಕೀಲುಕುದುರೆಯನ್ನು ಕಟ್ಟಿಕೊಂಡು ವಾಸು ಕುಣಿಯುವುದೂ ಉಂಟು. 2009, 2012, 2018ರಲ್ಲಿ ಅವರ ಧ್ವನಿಸಂಪುಟಗಳು ಬಂದಿವೆ. ಹಾಡುಗಳು ಹೆಚ್ಚಾಗಿ ಹಿಂದಿಯಲ್ಲಿವೆ, ಕನ್ನಡದವೂ ಇವೆ. ಹಿಂದಿ ಹೆಚ್ಚೆಂಬುದು ನಮ್ಮ ಕಿವಿಗೆ ಒಂದು ಕೊರತೆಯೇ. ಅದನ್ನು ಮೊಮ್ಮಗಳಿಗೆ ಮುಚ್ಚಿಡದೆ ಹೇಳಿದೆವು.

ಅವಳು ವಾದಿಸಲಿಲ್ಲ. "ತಾತ, ಮಾವನ ಮನೆಗೆ ಮೆಟ್ರೋದಲ್ಲಿ ಹೋಗೋಣ ಬನ್ನಿ" ಎಂದಳು. ವಿಜಯನಗರದಲ್ಲಿ ಗಾಡಿ ಹತ್ತಿದೆವು. ಮೈಸೂರು ರಸ್ತೆಯಿಂದ ಕೆಂಗೇರಿಯವರೆಗಿನ ಮಾರ್ಗ 2021ರಲ್ಲಿ ತೆರೆದ ಮೇಲೆ ಈ ಪಯಣ ಸುಲಭವಾಗಿದೆ. ನಾಯಂಡಹಳ್ಳಿ ಸಮೀಪಿಸಿದಾಗ ಅವಳು ನಮ್ಮ ಕಿವಿಗೆ 'ಪ್ಯಾಸಿ' ಎಂಬ ಹಾಡನ್ನಿಟ್ಟು, ಕಿಟಕಿಯ ಕೆಳಗೆ ತೋರಿಸಿದಳು. ಕೆಳಗೆ ವೃಷಭಾವತಿ ಹರಿಯುತ್ತಿತ್ತು, ಕಪ್ಪಾಗಿ, ನೊರೆಗಟ್ಟಿ.

'ಪ್ಯಾಸಿ' ಎಂದರೆ ಬಾಯಾರಿದವಳು. ಕಾವೇರಿಯ ನೀರಿನ ವಿವಾದದಿಂದ ಹುಟ್ಟಿದ ಹಾಡು ಅದು. ನಮ್ಮ ಭಾಗದವರಿಗೆ ಆ ವಿವಾದವೇನು ಪತ್ರಿಕೆಯ ಸುದ್ದಿಯೇ? 2016ರ ಸೆಪ್ಟೆಂಬರಿನಲ್ಲಿ ಮೈಸೂರು ರಸ್ತೆಯ ಕಡೆ ಬಸ್ಸುಗಳು ಉರಿದಾಗ ರಾಜಾಜಿನಗರ, ವಿಜಯನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಠಾಣೆಗಳ ವ್ಯಾಪ್ತಿಯಲ್ಲೆಲ್ಲ ಕರ್ಫ್ಯೂ ಹಾಕಿದ್ದರು. ಹಾಲು ತರಲು ಹೋದ ಮಗ ಮನೆ ಸೇರುವವರೆಗೆ ನಾವು ಬಾಗಿಲಲ್ಲೇ ನಿಂತಿದ್ದೆವು. ನೀರಿಗಾಗಿ ಬೆಂಕಿ ಹಚ್ಚಿದ ಊರು ನಮ್ಮದು. 1974ರಲ್ಲಿ ಮೊದಲ ಹಂತದ ಯೋಜನೆ ಮುಗಿದಂದಿನಿಂದ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಎತ್ತಿ ತಂದ ಕಾವೇರಿಯನ್ನು ಕುಡಿಯುತ್ತಿದ್ದೇವೆ. ಕುಡಿದು, ತೊಳೆದು, ಉಳಿದದ್ದನ್ನು ವೃಷಭಾವತಿಗೆ ಬಿಡುತ್ತೇವೆ. ಅದು ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ತಾಯಿಯ ಹಾಲು ಕುಡಿದು ತಾಯಿಯ ಬಾಯಿಗೇ ಕೊಳೆ ಹಾಕಿದಂತಾಯಿತಲ್ಲವೇ? ನದಿಗೆ ಬಾಯಾರದೆ ಇನ್ನೇನಾದೀತು?

ಭಾಷೆಯ ಕೊರತೆ ಆಗ ನಮಗೆ ಕಾಣಲಿಲ್ಲ.

ಮುಂದಿನ ಭಾನುವಾರ ಸಭೆ ಕೂಡಿತು. ತೀರ್ಪನ್ನು ಹೀಗೆ ಹೇಳಿದೆವು. ಕಂಠದಲ್ಲಿ ರಘು ದೀಕ್ಷಿತರೇ ಮೇಲು. ಅಂಥ ತುಂಬು ಧ್ವನಿ ಅಪರೂಪ. ಕನ್ನಡದ ಸೇವೆಯಲ್ಲಿಯೂ ಅವರ ಕೈಯೇ ಮೇಲು. ಶರೀಫರ ಹೆಸರನ್ನೇ ಕೇಳಿರದ ಮಕ್ಕಳ ಬಾಯಲ್ಲಿ ಅವರ ಪದ ನೆಲೆಸುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. ಆದರೆ ಅವರ ಹಾಡು ನಮಗೆ ಅಷ್ಟು ಬೇಗ ಹಿಡಿಸಿದ್ದೇಕೆ ಎಂದು ನಮ್ಮನ್ನೇ ಕೇಳಿಕೊಂಡೆವು. ಅದು ನಾವು ಮೊದಲೇ ಬಲ್ಲ ಪದವಾಗಿತ್ತು. ಹೊಸ ಬಟ್ಟೆಯುಟ್ಟು ಬಂದ ನಮ್ಮ ಹಳೆಯ ಸ್ನೇಹಿತನನ್ನು ನಾವು ಮೆಚ್ಚಿದ್ದೆವು. ಮೆಚ್ಚಿಕೆಯಲ್ಲಿ ಅರ್ಧ ಪಾಲು ಶರೀಫರಿಗೆ ಸಲ್ಲಬೇಕು, ಇನ್ನಷ್ಟು ನಮ್ಮ ಯೌವನಕ್ಕೆ. ಸ್ವರಾತ್ಮವು ಹಾಗಲ್ಲ, ತನ್ನ ಕಾಲದ ನೋವನ್ನು ತನ್ನದೇ ಮಾತಿನಲ್ಲಿ ಹಾಡಿತು. ಹನ್ನೆರಡನೆಯ ಶತಮಾನದ ಶರಣರು ಹಳೆಯ ಗ್ರಂಥಗಳನ್ನು ಒಪ್ಪಿಸುತ್ತ ಕೂಡಲಿಲ್ಲ. ತಮ್ಮ ಕಾಯಕದ, ತಮ್ಮ ಬೀದಿಯ ಮಾತಿನಲ್ಲಿಯೇ ನುಡಿದರು. ಅಂದಿನ ಹಿರಿಯರಿಗೆ ಅದೂ ಗದ್ದಲವೆನಿಸಿರಬೇಕು. ಆದ್ದರಿಂದ ನಮ್ಮ ಮತ ಸ್ವರಾತ್ಮಕ್ಕೆ.

ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಮೊಮ್ಮಗ ಮುಖ ಸಣ್ಣದು ಮಾಡಿದ. ಅಷ್ಟರಲ್ಲಿ ಮೂಲೆಯಿಂದ ಮಗನ ಧ್ವನಿ ಬಂದಿತು. "ಇಲ್ಲ ಅಪ್ಪಾಜಿ, ನೀವು ಹೇಳಿದ್ದು ಸರಿಯಿಲ್ಲ. ಹಳೆಯ ಪದವನ್ನು ಹೊಸದಾಗಿ ಕೇಳಿಸುವುದು ಹೊಸದು ಕಟ್ಟುವುದಕ್ಕಿಂತ ಕಷ್ಟ. ನನಗೆ ರಘು ದೀಕ್ಷಿತರೇ ಇಷ್ಟ."

ಮನೆ ನಿಶ್ಶಬ್ದವಾಯಿತು. ನಮಗೆ ನೆನಪಿರುವಂತೆ ಅವನು ನಮಗೆ ಎದುರು ನುಡಿದದ್ದು ಅದೇ ಮೊದಲು. "ನಿನ್ನ ಮಾತೂ ಸರಿಯಿರಬಹುದಪ್ಪಾ" ಎಂದೆವು. ಆಮೇಲೆ ಎಲ್ಲರೆದುರಿಗೇ, 1992ರಲ್ಲಿ ಮಾಡಿದ್ದು ನಮ್ಮ ತಪ್ಪೆಂದು ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆ ಗಿಟಾರಿನ ಒಂದು ತಂತಿ ಮೊದಲೇ ಕಿತ್ತುಹೋಗಿತ್ತು ಬಿಡಿ" ಎಂದು ನಕ್ಕ. ಆ ನಗೆಯಲ್ಲಿ ಪೂರ್ತಿ ಕ್ಷಮೆ ಇತ್ತೆಂದು ನಾವು ಹೇಳಲಾರೆವು. ಆದರೆ ಅಂದು ಸಂಜೆ ಅವನು ಮಗನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದುದನ್ನು ನಾವು ಕಂಡೆವು.

ಓದುಗ ಬಂಧುಗಳೇ, ನಿಮ್ಮ ಮನೆಯ ಮಕ್ಕಳು ನಿಮಗೆ ಗದ್ದಲವೆನಿಸುವುದನ್ನು ಕೇಳುತ್ತಿದ್ದರೆ, ಬಾಗಿಲು ಹಾಕುವ ಮುನ್ನ ಒಂದು ಹಾಡನ್ನಾದರೂ ಅವರ ಪಕ್ಕದಲ್ಲಿ ಕುಳಿತು ಕೇಳಿರಿ. ತೀರ್ಪು ಆಮೇಲೆ ಹೇಳಿದರಾಯಿತು.