ಚಂದ್ರಗಿರಿಯ ಕೋಟೆ ಮತ್ತು ಗಡಿನಾಡಿನ ಮನೆಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಬಾಳುವ ನಮಗೆ ಗಡಿ ಎಂಬುದು ಹೊಸ ಮಾತಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಊರುಗಳಲ್ಲಿ ಕನ್ನಡ, ಮರಾಠಿಗಳೆರಡೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಆದುದರಿಂದ ಕನ್ನಡ ಸೀಮೆಯ ಇನ್ನೊಂದು ತುದಿಯಲ್ಲಿ, ಇನ್ನೊಂದು ಹೊಳೆಯ ದಂಡೆಯ ಮೇಲೆ, ನಮ್ಮ ಸಮಾಜದ ಅರಸುಮನೆತನವೊಂದು ಕಟ್ಟಿಸಿದ ಗಡಿಕೋಟೆಯ ವೃತ್ತಾಂತವು ನಮ್ಮ ಮನೆಮನೆಗಳಲ್ಲಿ ತಿಳಿದಿರುವುದು ಒಳಿತೆಂದು ನಾವು ಭಾವಿಸುತ್ತೇವೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟುವ ಪಯಸ್ವಿನಿಯು ಚಂದ್ರಗಿರಿ ಹೊಳೆಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ತುಳುನಾಡಿಗೂ ಮಲಯಾಳ ಸೀಮೆಗೂ ಈ ಹೊಳೆಯೇ ಗಡಿಯೆಂಬುದು ಹಿಂದಿನಿಂದ ಬಂದ ನಂಬುಗೆ. ಇದರ ದಕ್ಷಿಣ ದಂಡೆಯ ದಿಬ್ಬದ ಮೇಲೆ ಮುರಕಲ್ಲಿನ ಚಂದ್ರಗಿರಿ ಕೋಟೆ ನಿಂತಿದೆ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಇದನ್ನು ಕಟ್ಟಿಸಿದನೆಂದು ಪ್ರತೀತಿ. 1645ರಿಂದ 1660ರವರೆಗೆ ಆಳಿದ ಈ ಅರಸನು ಭೂಮಿಯ ಗುಣವನ್ನರಿತು ಕಂದಾಯ ಗೊತ್ತುಪಡಿಸಿದ ‘ಶಿಸ್ತಿ’ನಿಂದಲೂ ಪ್ರಸಿದ್ಧನಾದವನು.

ಕೋಟೆಯು ಹೊಳೆಯ ಆಚೆಯ ದಂಡೆಯಲ್ಲಿರುವುದು ಗಮನಾರ್ಹ. ಅಲ್ಲಿಂದ ಹೊಳೆಯ ಮುಖವೂ ಕಡಲೂ ಕಣ್ಣಿಗೆ ಬೀಳುತ್ತವೆ. ಅಕ್ಕಿ, ಮೆಣಸುಗಳ ವ್ಯಾಪಾರದಿಂದ ಬೊಕ್ಕಸ ತುಂಬುತ್ತಿದ್ದ ರಾಜ್ಯಕ್ಕೆ ಕರಾವಳಿಯ ಕಾವಲು ಅತ್ಯಗತ್ಯವಾಗಿತ್ತು. ಇನ್ನೂ ದಕ್ಷಿಣಕ್ಕೆ ಬೇಕಲದ ಕೋಟೆ ಎದ್ದಿತು. ಅದರಾಚೆಗೆ ಹೊಸದುರ್ಗವೂ ಎದ್ದಿತು. ಹೊಳೆಯನ್ನು ಗಡಿಯೆಂದವರೇ ಅದನ್ನು ದಾಟಿದ್ದರು!

1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಈ ಸೀಮೆ ಆಂಗ್ಲರ ಕೈಸೇರಿ, ಮದ್ರಾಸು ಪ್ರಾಂತಕ್ಕೆ ಒಳಪಟ್ಟಿತು. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಅಲ್ಲಿಯ ಕನ್ನಡಿಗರ ಅಳಲು ಇಂದಿಗೂ ಆರಿಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಅವರು ಬೀದಿಗಿಳಿದು ಪ್ರತಿಭಟಿಸಿದರು.

ಈ ಸಂಗತಿಗೂ ನಮ್ಮ ಭಾಗಕ್ಕೂ ನೇರವಾದ ನಂಟಿದೆ. ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗವು 1967ರಲ್ಲಿ ನೀಡಿದ ವರದಿಯು ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ನಮ್ಮ ರಾಜ್ಯಕ್ಕೆ ಕೊಡಬೇಕೆಂದಿತು. ಅದೇ ವರದಿಯು ಬೆಳಗಾವಿಯನ್ನು ನಮ್ಮಲ್ಲಿಯೇ ಉಳಿಸಿ, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದೂ ಹೇಳಿತು. ಎರಡೂ ಜಾರಿಗೆ ಬರಲಿಲ್ಲ. ಅಲ್ಲಿಯ ಕನ್ನಡಿಗರು ಕೇರಳದಲ್ಲಿ ಉಳಿದರು. ಇಲ್ಲಿಯ ಮರಾಠಿ ಮನೆಗಳು ಕರ್ನಾಟಕದಲ್ಲಿ ಉಳಿದವು.

ಹೀಗಿರುವಾಗ ನಮ್ಮ ಧರ್ಮವೇನು? ಇದಕ್ಕೆ ಕೆಳದಿಯ ಚರಿತ್ರೆಯಲ್ಲಿಯೇ ಉತ್ತರವಿದೆ. 1689ರಲ್ಲಿ ಮೊಗಲರ ಸೈನ್ಯವು ಬೆನ್ನಟ್ಟಿದ್ದಾಗ ಛತ್ರಪತಿ ಶಿವಾಜಿ ಮಹಾರಾಜರ ಪುತ್ರ ರಾಜಾರಾಮರಿಗೆ ಆಶ್ರಯವಿತ್ತವರು ಕೆಳದಿಯ ರಾಣಿ ಚೆನ್ನಮ್ಮಾಜಿ. ಔರಂಗಜೇಬನ ಕೋಪಕ್ಕೆ ಅಂಜದೆ, ತಮ್ಮ ರಾಜ್ಯಕ್ಕೆ ಒದಗಬಹುದಾದ ವಿಪತ್ತನ್ನು ಲೆಕ್ಕಿಸದೆ, ಅವರನ್ನು ಜಿಂಜಿಯ ಕಡೆಗೆ ಸುರಕ್ಷಿತವಾಗಿ ಸಾಗಿಸಿದರು. ಮನೆಬಾಗಿಲಿಗೆ ಬಂದವರು ಯಾವ ನುಡಿಯವರೆಂದು ಆ ಶರಣೆ ಕೇಳಲಿಲ್ಲ.

ಕಾಸರಗೋಡಿನ ಕನ್ನಡ ಮಕ್ಕಳಿಗೆ ತಮ್ಮ ನುಡಿಯಲ್ಲಿ ಕಲಿಯುವ ಹಕ್ಕು ಬೇಕೆಂದು ಕೇಳುವ ನಾವು, ನಮ್ಮ ನಿಪ್ಪಾಣಿ, ಕಾಗವಾಡಗಳ ಮರಾಠಿ ಶಾಲೆಯ ಮಕ್ಕಳನ್ನೂ ಅದೇ ಕಣ್ಣಿನಿಂದ ಕಾಣಬೇಕು. ಅಲ್ಲಿ ನ್ಯಾಯವೆನಿಸಿದ್ದು ಇಲ್ಲಿ ಬೇಡವಾದರೆ ನಮ್ಮ ಕೂಗಿಗೆ ಬೆಲೆಯಿರದು. ಜೊತೆಗೆ ನಮ್ಮ ಮನೆಯ ಕನ್ನಡವನ್ನು ನಾವೇ ಕಾಪಾಡಿಕೊಳ್ಳಬೇಕು. ಲಿಂಗಪೂಜೆಯಾದ ಮೇಲೆ ಮಕ್ಕಳ ಬಾಯಿಂದ ನಿತ್ಯ ಒಂದು ವಚನವನ್ನು ಓದಿಸುವ ಕೆಲಸಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ತಾಯಂದಿರು ಇದನ್ನು ಇಂದೇ ಆರಂಭಿಸಲಿ ಎಂಬುದು ನಮ್ಮ ವಿನಂತಿ.