70 ಮೈಲಿಯ ನಡುಕ

65 ಮೈಲಿ ವೇಗದವರೆಗೆ ನನ್ನ ಮಸ್ಟಾಂಗ್ ಕಾರಿಗೆ ಯಾವ ತಕರಾರೂ ಇರಲಿಲ್ಲ. 70 ಮುಟ್ಟಿತೋ, ಸೀಟಿನ ಅಡಿಯಿಂದ ಝುಂ ಎಂದು ಶುರುವಾಗುತ್ತಿತ್ತು. ಸ್ಟಿಯರಿಂಗ್ ಅಲುಗುತ್ತಿರಲಿಲ್ಲ. ಆದರೆ ಗೇರ್ ಲಿವರಿನ ಮೇಲಿಟ್ಟ ಕೈ ಜೋಮು ಹಿಡಿಯುತ್ತಿತ್ತು, ಕನ್ನಡಿಯಲ್ಲಿ ಹಿಂದಿನ ಟ್ರಕ್ಕು ಎರಡೆರಡಾಗಿ ಕಾಣುತ್ತಿತ್ತು. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಿಂದ ಆನ್ ಆರ್ಬರ್‌ಗೆ ನಾನು ದಿನಾ ಹೋಗುವ ಎಂ-14 ಹೆದ್ದಾರಿಯಲ್ಲಿ ಮಿತಿಯೇ 70. ಬಲಗಡೆ ಲೇನಿನಲ್ಲಿ ನಿಧಾನಕ್ಕೆ ಹೋಗೋಣವೆಂದರೆ ಹಿಂದಿನವರು ಲೈಟು ಹೊಡೆಯುತ್ತಾರೆ. ಆಫೀಸು ತಲುಪುವಷ್ಟರಲ್ಲಿ ತಲೆನೋವು. ಹೆಂಡತಿಯಂತೂ ಆ ಕಾರಿನಲ್ಲಿ ಮಗುವನ್ನು ಕೂರಿಸಲು ಒಪ್ಪುತ್ತಲೇ ಇರಲಿಲ್ಲ.

2007ರ ಮಾಡೆಲ್, ಮ್ಯಾನುಯಲ್ ಗೇರಿನ ಜಿಟಿ, ಸೆಕೆಂಡ್ ಹ್ಯಾಂಡ್. ಮಿಶಿಗನ್‌ನಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರಾದ್ದರಿಂದ ಹಳೆಯ ಗಾಡಿಗಳ ಹೊಟ್ಟೆಯ ಕಥೆ ಕೇಳುವುದೇ ಬೇಡ. ಟೈರ್ ಅಂಗಡಿಯವರಿಗೆ ಮಾತ್ರ ಇದೆಲ್ಲ ಲೆಕ್ಕಕ್ಕಿಲ್ಲ. ಓಡುವಾಗ ನಡುಗಿದರೆ ಟೈರು, ಅಷ್ಟೇ ಅವರ ಶಾಸ್ತ್ರ. ಬ್ಯಾಲೆನ್ಸ್ ಮಾಡಿದರು, ಮತ್ತೆ ಮಾಡಿದರು, ಆಮೇಲೆ ರಿಮ್ ಬೆಂಡಾಗಿದೆ ಎಂದರು. ಬಿಲ್ಲು ಬೆಳೆಯಿತು, ನಡುಕ ಇದ್ದಲ್ಲೇ ಇತ್ತು.

ತಿಪಟೂರಿನಲ್ಲಿರುವ ನನ್ನ ಚಿಕ್ಕಪ್ಪ ವರ್ಷಗಟ್ಟಲೆ ಕೊಬ್ಬರಿ ಲೋಡಿನ ಲಾರಿ ಓಡಿಸಿದವರು. ಫೋನಿನಲ್ಲಿ ಮಾತಿಗೆ ಮಾತು ಬಂದು ಇದನ್ನು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ: "ಓಡ್ತಾ ಇರುವಾಗ ನ್ಯೂಟ್ರಲ್‌ಗೆ ಹಾಕಿದ್ರೆ ನಿಲ್ಲುತ್ತಾ?" ಮಾರನೆಯ ದಿನ ನೋಡಿದೆ. ಎಂಜಿನ್ ಐಡ್ಲಿಂಗಿಗೆ ಇಳಿದರೂ ನಡುಕ ನಿಲ್ಲಲಿಲ್ಲ. "ಹಾಗಾದ್ರೆ ಎಂಜಿನ್ ಅಲ್ಲ. ಸೆಂಟರ್ ಬೇರಿಂಗ್ ನೋಡ್ಸು."

ಗ್ಯಾರೇಜಿಗೆ ಹೋಗುವ ಮೊದಲು ನನಗೊಂದು ಪುರಾವೆ ಬೇಕಿತ್ತು. ಕಂಪನ ಅಳೆಯುವ ಆ್ಯಪ್ ಹಾಕಿದ ಫೋನನ್ನು ಗೇರ್ ಲಿವರಿನ ಪಕ್ಕ ಟೇಪಿನಿಂದ ಅಂಟಿಸಿದೆ. 70 ಮೈಲಿಯಲ್ಲಿ ಈ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ಬರುತ್ತದೆ. ಹಿಂದಿನ ಆಕ್ಸೆಲ್‌ನ ಅನುಪಾತ 3.55. ಅಂದರೆ ಅದೇ ಹೊತ್ತಿಗೆ, ಎಂಜಿನ್ ಬಲವನ್ನು ಹಿಂದಿನ ಆಕ್ಸೆಲ್‌ಗೆ ಒಯ್ಯುವ ಡ್ರೈವ್‌ಶಾಫ್ಟ್ ಸುಮಾರು 53 ಸುತ್ತು. ಟೈರಿನ ತಪ್ಪಾಗಿದ್ದರೆ ಗ್ರಾಫ್ 15ರಲ್ಲಿ ಎದ್ದಿರಬೇಕಿತ್ತು. ಎದ್ದದ್ದು 53ರಲ್ಲಿ, ಗೋಪುರದೆತ್ತರಕ್ಕೆ. ಇಷ್ಟು ಲೆಕ್ಕವನ್ನು ದುಡ್ಡು ಕೀಳುವ ಮೊದಲು ಯಾರಾದರೂ ಹಾಕಬಹುದಿತ್ತು.

ಗಾಡಿ ಲಿಫ್ಟಿನ ಮೇಲೇರಿದಾಗ ನಾನೂ ಕೆಳಗೆ ನಿಂತಿದ್ದೆ. ಈ ಮಸ್ಟಾಂಗಿನ ಶಾಫ್ಟು ಎರಡು ತುಂಡಿನದು. ನಡುವೆ ರಬ್ಬರ್ ಬಳೆಯೊಳಗೆ ಕೂತ ಸೆಂಟರ್ ಬೇರಿಂಗ್ ಅದನ್ನು ಕಾರಿನ ಅಡಿಗೆ ತೂಗುಹಾಕಿರುತ್ತದೆ. ಆ ರಬ್ಬರು ಅರ್ಧಚಂದ್ರದಂತೆ ಸೀಳಿತ್ತು. ಬಿರುಕಿನಲ್ಲಿ ಉಪ್ಪಿನ ಬೂದುಬಿಳಿ ಪುಡಿ. ಎರಡು ಬೆರಳಲ್ಲಿ ಒತ್ತಿದರೆ ಶಾಫ್ಟು ಮೇಲೆ ಕೆಳಗೆ ಆಡುತ್ತಿತ್ತು, ತಿರುಗಿಸಿದರೆ ಒಳಗೆ ಮರಳು ಅರೆದಂಥ ಕರಕರ.

ಅದೇ ಥರದ ಎರಡು ತುಂಡಿನ ಹೊಸದನ್ನು ಹಾಕಿಸಬಹುದಿತ್ತು. ಆದರೆ ಮತ್ತೆ ರಬ್ಬರು, ಮತ್ತೆ ಉಪ್ಪು. ಹೊರಗಿನ ಕಂಪನಿಯವರು ಮಾಡುವ ಒಂದೇ ತುಂಡಿನ ಅಲ್ಯೂಮಿನಿಯಂ ಶಾಫ್ಟಿನ ಕಡೆ ಮನಸ್ಸು ವಾಲಿತು. ಚಿಕ್ಕಪ್ಪನಿಗೆ ಹೇಳಿದರೆ ನಕ್ಕರು. "ಲಾರಿಗೆ ಸಿಂಗಲ್ ಪೀಸ್ ಹಾಕಿದ್ರೆ ಹುಡುಗೀರ ಸ್ಕಿಪ್ಪಿಂಗ್ ಹಗ್ಗದ ಥರ ಕುಣಿಯುತ್ತೆ."

ಅವರ ಮಾತು ಸುಳ್ಳಲ್ಲ. ಪ್ರತಿ ಶಾಫ್ಟಿಗೂ ಒಂದು ವೇಗವಿದೆ, ಅದನ್ನು ಮುಟ್ಟಿದರೆ ನಡುವೆ ಬಿಲ್ಲಿನಂತೆ ಬಾಗಿ ಹುಯ್ದಾಡುತ್ತದೆ. ಉದ್ದ ಎರಡು ಪಟ್ಟಾದರೆ ಆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಕಂಪನಿಗಳು ಉದ್ದನೆಯ ಶಾಫ್ಟನ್ನು ತುಂಡು ಮಾಡುವುದೇ ಇದಕ್ಕೆ. ಮಾರುವವರು ಅಲ್ಯೂಮಿನಿಯಂ ಹಗುರ, ಹಾಗಾಗಿ ಎಷ್ಟು ವೇಗಕ್ಕೂ ತಡೆಯುತ್ತದೆ ಎಂದು ಪುಸಲಾಯಿಸುತ್ತಾರೆ. ಅಲ್ಯೂಮಿನಿಯಂನ ತೂಕ ಉಕ್ಕಿನ ಮೂರನೇ ಒಂದು ಭಾಗ ನಿಜ, ಆದರೆ ಬಿಗುವೂ ಹೆಚ್ಚುಕಡಿಮೆ ಮೂರನೇ ಒಂದೇ ಭಾಗ. ಒಂದೇ ಅಳತೆಯ ಕೊಳವೆಯಾದರೆ ಎರಡೂ ಸುಮಾರು ಅದೇ ವೇಗದಲ್ಲಿ ಕುಣಿಯುತ್ತವೆ. ಕಾಪಾಡುವುದು ಕೊಳವೆಯ ದಪ್ಪ, ಅಂದರೆ ವ್ಯಾಸ. ಅಲ್ಯೂಮಿನಿಯಂ ಹಗುರವಾದ್ದರಿಂದ ಕೊಳವೆಯನ್ನು ದಪ್ಪ ಮಾಡಲು ಅವಕಾಶವಿದೆ, ಅದರ ಗುಣ ಅಷ್ಟೇ. ನನ್ನ ಗಾಡಿಯ ಅಡಿಯಲ್ಲಿ ಎಕ್ಸಾಸ್ಟಿಗೆ ತಾಗದೆ ಎಷ್ಟು ದಪ್ಪ ಹಿಡಿಸುತ್ತದೆ ಎಂದು ಅಳೆದು, 3.5 ಇಂಚಿನದನ್ನು ತರಿಸಿದೆ. ಎಷ್ಟು ಆರ್‌ಪಿಎಂನಲ್ಲಿ ಬ್ಯಾಲೆನ್ಸ್ ಮಾಡಿದ್ದಾರೆಂದು ಬರೆದುಕೊಡದ ಮಾರಾಟಗಾರರನ್ನು ಮೊದಲೇ ಕೈಬಿಟ್ಟಿದ್ದೆ.

ಶಾಫ್ಟ್ ಕೂರಿಸಿದ ಮೇಲೆ 53ರ ಗೋಪುರ ಮಾಯವಾಯಿತು. ಅದರ ಜಾಗಕ್ಕೆ 106ರಲ್ಲಿ ಇನ್ನೊಂದು ಬಂತು, ಅದೂ ಆಕ್ಸಿಲರೇಟರ್ ತುಳಿದಾಗ! ಅಂದು ರಾತ್ರಿ ಕಾರು ಮಾರಿಬಿಡುವ ಯೋಚನೆಯೂ ಬಂತು. ಆದರೆ 106 ಎಂದರೆ 53ರ ಎರಡರಷ್ಟು; ಸುತ್ತೊಂದಕ್ಕೆ ಎರಡು ಬಾರಿ ಮಿಡಿಯುವುದು ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟಿನ ಗುರುತು. ಕ್ರಾಸ್ ಓರೆಯಾಗಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಏರಿ ಎರಡು ಸಲ ಇಳಿಯುತ್ತದೆ. ಮುಂದಿನ ಕ್ರಾಸಿನ ಕೋನವೂ ಹಿಂದಿನದೂ ಸಮನಾಗಿ ಎದುರುಬದುರಿದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಚಕ್ರಗಳ ಮೇಲೆ ಭಾರ ಇರುವಂತೆ ಗಾಡಿ ನಿಲ್ಲಿಸಿಯೇ ಇದನ್ನು ಅಳೆಯಬೇಕು. ಆಕ್ಸೆಲ್ ಜೋತುಬಿದ್ದಾಗ ಅಳೆದರೆ ಲೆಕ್ಕ ಸುಳ್ಳು. ಅಳೆದರೆ ಎರಡು ಡಿಗ್ರಿ ವ್ಯತ್ಯಾಸ ಸಿಕ್ಕಿತು. ಆಕ್ಸೆಲ್‌ನ ಮೇಲಿನ ಕಂಟ್ರೋಲ್ ಆರ್ಮ್ ತೆಗೆದು, ಉದ್ದ ಹೊಂದಿಸಬಹುದಾದದ್ದನ್ನು ಹಾಕಿಸಿದೆ. ತುಳಿದಾಗ ಆಕ್ಸೆಲ್‌ನ ಮೂತಿ ಮೇಲೇಳುತ್ತದೆ, ಅದಕ್ಕೆಂದು ಒಂದು ಡಿಗ್ರಿ ಕೆಳಗೇ ಬಿಡಿಸಿದೆ.

ಈಗ 80ರಲ್ಲೂ ಕನ್ನಡಿ ಸ್ಥಿರ. ಹೆಂಡತಿ ಮಗು ಇಬ್ಬರೂ ಕೂರುತ್ತಾರೆ. 45ರ ಸುಮಾರಿಗೆ ಹಿಂದಿನ ಗೇರಿನ ಸಣ್ಣ ಕುಂಯ್ ಸದ್ದು ಒಳಗೆ ಕೇಳುತ್ತದೆ. ಅದು ಮೊದಲೂ ಇತ್ತು, ಆ ರಬ್ಬರು ನುಂಗಿಕೊಳ್ಳುತ್ತಿತ್ತು. ಒಂದೇ ತುಂಡಿನದು ಬೇಕೆಂದವರು ಇದನ್ನು ಒಪ್ಪಿಕೊಂಡೇ ಹಾಕಿಸಬೇಕು. ಚಿಕ್ಕಪ್ಪ ಖರ್ಚೆಷ್ಟಾಯಿತೆಂದು ಕೇಳಿ, ಡಾಲರನ್ನು ತಾವೇ ರೂಪಾಯಿಗೆ ಗುಣಿಸಿ, ಅಷ್ಟಕ್ಕೆ ಲಾರಿಯ ಗೇರ್‌ಬಾಕ್ಸನ್ನೇ ಬಿಚ್ಚಿ ಕಟ್ಟಿಸಬಹುದಿತ್ತು ಎಂದರು.